ಕೊಡೋ ಮನಸ್ಸಿಗೆ ಬರೆಯೋ ಕೈ ಬೇಕು!

ಸಂಜೆ ಆರರ ಹೊತ್ತು. ಸುರಪುರಕ್ಕೆ ಹೊರಡುವ ಬಸ್ಸು ಇನ್ನೂ ತುಂಬಿಲ್ಲ. ಶಹಾಪುರದ ಯಾವ ಕಿರಾಣಿ ಅಂಗಡಿ ಮುಂದೆ ನಿಂತರೂ ಕಿವಿಗೆ ಬೀಳುವ ಮಾತು ಒಂದೇ: "ಸಾವ್ಕಾರ್ರ, ಬರ್ಕೋರಿ. ಹತ್ತಿ ಮಾರಿದ ಮ್ಯಾಲ ಕೊಡ್ತೀನಿ."

ಸಾವ್ಕಾರ್ರು ತಲೆ ಆಡಿಸುತ್ತಾರೆ. ಮಾಲು ಚೀಲಕ್ಕೆ ಬೀಳುತ್ತದೆ. ಆದರೆ ಬರೆದುಕೊಳ್ಳುತ್ತಾರೋ, ಇಲ್ಲವೋ? ಅಂಗಡಿ ಉಳಿಯುವುದೂ ಮುಳುಗುವುದೂ ಬಹಳ ಸಲ ಇಲ್ಲೇ ತೀರ್ಮಾನ ಆಗುತ್ತದೆ.

ಯಾದಗಿರಿ, ಶಹಾಪುರ, ಸುರಪುರ ಮೂರೂ ಊರಿನ ವ್ಯಾಪಾರ ಹೊಲದ ಮೇಲೆ ನಿಂತಿದೆ. ನಾರಾಯಣಪುರದ ಕಾಲುವೆಗೆ ನೀರು ಬಂದರೆ ಶಹಾಪುರ, ಸುರಪುರದ ಗಲ್ಲೆಗೂ ನೀರು ಬಂದಂತೆ. ತೊಗರಿ, ಹತ್ತಿ ಕೈಗೆ ಬರುವತನಕ ಊರೆಲ್ಲ ಉದ್ರಿ. ಬೆಳೆ ಕೈಕೊಟ್ಟ ವರ್ಷ ಗಿರಾಕಿ ಸಂಸಾರ ಸಮೇತ ಬೆಂಗಳೂರು, ಪುಣೆ, ಮುಂಬಯಿಗೆ ದುಡಿಯಲು ಹೋಗುತ್ತಾನೆ. ಅವನ ಜೊತೆ ಉದ್ರಿಯೂ ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತುತ್ತದೆ!

ಉದ್ರಿ ಕೊಡಬೇಡಿ ಎಂದು ಹೇಳುವುದು ಸುಲಭ. "ಕೊಟ್ರ ರೊಕ್ಕ ಹೋಗ್ತದ, ಕೊಡ್ಲಿಲ್ಲಂದ್ರ ಗಿರಾಕಿ ಹೋಗ್ತಾನ" ಎಂಬ ಸಂಕಟ ಗಲ್ಲೆ ಮೇಲೆ ಕೂತವರಿಗೇ ಗೊತ್ತು.

ಒಂದು ಓಣಿ, ಮೂರು ಅಂಗಡಿ

ಒಂದೇ ಓಣಿಯಲ್ಲಿ ಮೂರು ಅಂಗಡಿ ಇವೆ ಎಂದು ಇಟ್ಟುಕೊಳ್ಳಿ. ಮಾಲು ಅದೇ, ಮಳೆ ಅದೇ, ಗಿರಾಕಿಗಳೂ ಅವರೇ.

ಮೊದಲನೆಯವರು ದೊಡ್ಡ ಮನಸ್ಸಿನವರು. ಕೇಳಿದವರಿಗೆ ಇಲ್ಲ ಅನ್ನುವುದಿಲ್ಲ. ಲೆಕ್ಕ ಮಾತ್ರ ಕ್ಯಾಲೆಂಡರ್ ಹಿಂದೆ, ಬೀಡಿ ಕಟ್ಟಿನ ಕಾಗದದ ಮೇಲೆ, ಅರ್ಧ ತಲೆಯೊಳಗೆ. ಗಲ್ಲೆಯಿಂದಲೇ ಮಗನ ಫೀಸು, ಗಲ್ಲೆಯಿಂದಲೇ ಬೀಗರ ಮುಯ್ಯಿ. ಎರಡನೆಯವರು ಲೆಕ್ಕದಲ್ಲಿ ಹುಲಿ, ಆದರೆ ತಕ್ಕಡಿಯಲ್ಲಿ ಕೈಚಳಕ. ಕೂಸು ಬಂದರೆ ಒಂದು ತೂಕ, ಮುದುಕಿ ಬಂದರೆ ಇನ್ನೊಂದು. ಮೂರನೆಯವರು ತೂಕದಲ್ಲಿ ನೆಟ್ಟಗೆ, ಬರೆಯುವುದರಲ್ಲೂ ನೆಟ್ಟಗೆ. ಉದ್ರಿ ಕೊಡುತ್ತಾರೆ, ಆದರೆ ಗಿರಾಕಿಯ ಎದುರಿಗೇ ಬರೆದು ಓದಿ ಹೇಳುತ್ತಾರೆ: "ನೋಡಪ್ಪಾ, ಹಿಂದಿಂದು ಇಷ್ಟು, ಇವತ್ತಿಂದು ಇಷ್ಟು."

ಐದು ವರ್ಷದ ಮೇಲೆ ಯಾರ ಅಂಗಡಿಯ ಬಾಗಿಲು ತೆರೆದಿರುತ್ತದೆ? ಓದುಗರೇ ಹೇಳಲಿ.

ಒಂದು ಸಣ್ಣ ಲೆಕ್ಕ ನೋಡಿ. ನೂರು ರೂಪಾಯಿ ಮಾರಿದರೆ ಹತ್ತು ಉಳಿಯುತ್ತದೆ ಎಂದು ಹಿಡಿಯಿರಿ. ಸಾವಿರ ರೂಪಾಯಿಯ ಉದ್ರಿ ಮುಳುಗಿದರೆ ಕೈಬಿಟ್ಟ ಅಸಲು 900. ಆ 900 ತುಂಬಿಸಲು ಮತ್ತೆ 9,000 ರೂಪಾಯಿ ವ್ಯಾಪಾರ ಆಗಬೇಕು. ಅಷ್ಟು ಮಾರಿದ ಮೇಲೂ ಕೈಗೆ ಬಂದ ಲಾಭ ಸೊನ್ನೆ!

ನಮ್ಮ ಸೀಮೆಯ ಪಾಠ

ದುಡಿಮೆಯೂ ಧರ್ಮವೂ ಬೇರೆಯಲ್ಲ ಎಂದು ಸಾರಿದ ನೆಲ ಇದು. ಬಸವಣ್ಣನವರಿಗಿಂತ ಮೊದಲೇ ಬಾಳಿದ ದೇವರ ದಾಸಿಮಯ್ಯ ಸುರಪುರ ಸೀಮೆಯ ಮುದನೂರಿನವರು, ಮಗ್ಗ ನಡೆಸಿ ಬದುಕಿದವರು. ನೆರೆಯ ಲಿಂಗಸುಗೂರು ಸೀಮೆಯ ಆಯ್ದಕ್ಕಿ ಲಕ್ಕಮ್ಮನ ಕಥೆ ಯಾರಿಗೆ ಗೊತ್ತಿಲ್ಲ? ಗಂಡ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದ್ದು ನಮಗೆ ಬೇಡ, ಹಾಕಿ ಬನ್ನಿ ಎಂದು ಹಿಂದಕ್ಕೆ ಕಳಿಸಿದಾಕೆ.

ಈ ಕಥೆಯಲ್ಲಿ ನಿಯತ್ತು ಎಲ್ಲರಿಗೂ ಕಾಣುತ್ತದೆ. ಲೆಕ್ಕ ಮಾತ್ರ ಕಾಣುವುದಿಲ್ಲ. ದಿನಕ್ಕೆ ಎಷ್ಟು ಸಾಕು ಎಂಬುದು ಲಕ್ಕಮ್ಮನಿಗೆ ಗೊತ್ತಿತ್ತು, ಅದಕ್ಕೇ ಹೆಚ್ಚಾದದ್ದು ಗೊತ್ತಾಯಿತು. ಅಳತೆ ಗೊತ್ತಿಲ್ಲದವನಿಗೆ ಹೆಚ್ಚೂ ತಿಳಿಯದು, ಕಡಿಮೆಯೂ ತಿಳಿಯದು.

ನಮ್ಮ ವ್ಯಾಪಾರಸ್ಥರಲ್ಲಿ ಇನ್ನೊಂದು ಸಂಕೋಚ ಉಂಟು. ಕೊಡುವುದು ಧರ್ಮ, ಕೇಳುವುದು ನಾಚಿಕೆ! "ಮಂದಿ ಮುಂದ ಹ್ಯಾಂಗ ಕೇಳೋದ್ರಿ?" ಎನ್ನುತ್ತಾರೆ. ಕೇಳದೆ ಬಿಟ್ಟ ಬಾಕಿ ಬೆಳೆಯುತ್ತದೆ. ಬೆಳೆದ ಬಾಕಿಗೆ ಅಂಜಿ ಗಿರಾಕಿ ಓಣಿ ಬದಲಿಸುತ್ತಾನೆ. ರೊಕ್ಕವೂ ಹೋಯಿತು, ಮಾತೂ ಹೋಯಿತು.

2025ರ ಜುಲೈ ಪೆಟ್ಟು

ಲೆಕ್ಕ ಇಡದಿದ್ದರೆ ಏನಾಗುತ್ತದೆ ಎಂದು ರಾಜ್ಯದ ಸಣ್ಣ ವ್ಯಾಪಾರಸ್ಥರಿಗೆ 2025ರ ಜುಲೈನಲ್ಲಿ ತಿಳಿಯಿತು. ಫೋನಿನ ಮೂಲಕ ಬಂದ ಹಣದ ಮೊತ್ತ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಮಂದಿಗೆ ನೋಟೀಸು ಕಳಿಸಿತು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು ನಿಯಮ. ಗಾಬರಿಗೊಂಡ ಅಂಗಡಿಯವರು ಕ್ಯೂಆರ್ ಚೀಟಿ ಕಿತ್ತು, "ನಗದು ಮಾತ್ರ" ಎಂದು ಬರೆದು ಹಚ್ಚಿದರು.

ಅಂಗಡಿಯ ಹಣ, ಗೆಳೆಯ ಕೊಟ್ಟ ಕೈಗಡ, ಮಗಳು ಕಳಿಸಿದ ರೊಕ್ಕ ಎಲ್ಲವೂ ಒಂದೇ ಖಾತೆಗೆ ಬಿದ್ದಿದ್ದರೆ ಯಾವುದು ವ್ಯಾಪಾರದ್ದು ಎಂದು ತೋರಿಸುವುದು ಹೇಗೆ? ಹಾಲು, ತರಕಾರಿಗೆ ತೆರಿಗೆ ಇಲ್ಲವೆಂಬುದು ನಿಜ. ಆದರೆ ಮಾರಿದ್ದು ಅದೇ ಎನ್ನಲು ಕಿರ್ದಿ ಪುಸ್ತಕ ಬೇಕಲ್ಲ? ದೀಪಾವಳಿಗೆ ಅರಿಶಿನ ಕುಂಕುಮ ಹಚ್ಚಿ ಪೂಜಿಸಿದ ಪುಸ್ತಕ ವರ್ಷಪೂರ್ತಿ ಖಾಲಿ ಉಳಿದರೆ ಲಕ್ಷ್ಮಿಯಾದರೂ ಏನು ಮಾಡಿಯಾಳು?

ಕಲಿತರೆ ಬರುತ್ತದೆ

ವ್ಯಾಪಾರ ರಕ್ತದಲ್ಲಿ ಬರಬೇಕು ಎನ್ನುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. 1964ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲಂಡ್ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಸ್ಥರನ್ನು ಆರಿಸಿ, ಹೈದರಾಬಾದಿನ ಸರ್ಕಾರಿ ಸಂಸ್ಥೆಯಲ್ಲಿ ಸಾಧಿಸುವ ಛಲದ ತರಬೇತಿ ಕೊಡಿಸಿದರು. ತಿರುಗಿ ಹೋದವರು ವ್ಯಾಪಾರದಲ್ಲಿ ಹೊಸ ಹೆಜ್ಜೆ ಇಟ್ಟರು. ಅವರ ಹಳೆಯ ನಂಬಿಕೆಗಳು ಇದಕ್ಕೆ ಅಡ್ಡ ಬರಲಿಲ್ಲ ಎಂಬುದೂ ಕಂಡುಬಂತು. ಅಂದರೆ ಅಂಗಡಿ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವವರು ಕಟ್ಟಲಿ, ಜೊತೆಗೆ ಲೆಕ್ಕವನ್ನೂ ಇಡಲಿ!

ದೊಡ್ಡ ಲೆಕ್ಕಶಾಸ್ತ್ರವೂ ಬೇಕಿಲ್ಲ. ಡೊಮಿನಿಕನ್ ಗಣರಾಜ್ಯ ಎಂಬ ದೂರದ ದೇಶದಲ್ಲಿ ಸಣ್ಣ ವ್ಯಾಪಾರಸ್ಥರ ಒಂದು ಗುಂಪಿಗೆ ಪೂರ್ತಿ ಲೆಕ್ಕಪತ್ರ ಕಲಿಸಿದರು. ಇನ್ನೊಂದು ಗುಂಪಿಗೆ ಮನೆ ರೊಕ್ಕ ಬೇರೆ, ಅಂಗಡಿ ರೊಕ್ಕ ಬೇರೆ ಇಡಿ ಎಂಬಂಥ ಸರಳ ಸೂತ್ರಗಳನ್ನಷ್ಟೇ ಹೇಳಿದರು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಲೆಕ್ಕ ಇಡುವುದರಲ್ಲಿ ಸುಧಾರಿಸಿದ್ದು ಎರಡನೆಯ ಗುಂಪು!

ನಮ್ಮಲ್ಲೂ ಎರಡು ಡಬ್ಬಿ ಸಾಕು, ಎರಡು ರೂಪಾಯಿಯ ಪೆನ್ನೂ ಒಂದು ಪುಸ್ತಕವೂ ಸಾಕು. ಮನೆಗೆ ಬೇಕಾದರೆ ತಿಂಗಳಿಗೆ ಇಷ್ಟು ಎಂದು ತೆಗೆದುಕೊಳ್ಳಿ. ಒಬ್ಬರಿಗೆ ಎಷ್ಟರ ತನಕ ಉದ್ರಿ ಎಂದು ಮೊದಲೇ ಗೆರೆ ಹಾಕಿ. ಬಾಕಿಯನ್ನು ನಗುತ್ತಲೇ ಕೇಳಿ, ಆದರೆ ಕೇಳಿ.

ಉದ್ರಿ ಒಯ್ಯುವವರಿಗೂ ಒಂದು ಮಾತು. ಹತ್ತಿ ಮಾರಿದ ದಿನ ಮೊದಲು ಆ ಅಂಗಡಿ ಮೆಟ್ಟಿಲು ಹತ್ತಿರಿ. ಕಷ್ಟಕಾಲಕ್ಕೆ ಅಕ್ಕಿ ಕೊಟ್ಟ ಬಾಗಿಲು ಮುಚ್ಚಿದರೆ, ಮುಂದಿನ ಮಳೆಗಾಲದಲ್ಲಿ "ಬರ್ಕೋರಿ" ಎಂದು ಯಾರ ಮುಂದೆ ಹೇಳುತ್ತೀರಿ?