ಹೊಸದುರ್ಗ ಸೋಲಿಸಿತು, ಬಾಗಲಕೋಟೆ ಕೈಹಿಡಿಯಿತು

ನಿಮಗಿದು ಗೊತ್ತೆ? ಏಕೀಕೃತ ಕನ್ನಡ ನಾಡಿನ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು ಸ್ವಂತ ಜಿಲ್ಲೆಯಲ್ಲೇ ಚುನಾವಣೆ ಸೋತಿದ್ದರು!

1902ರಲ್ಲಿ ಹಲುವಾಗಲಿನಲ್ಲಿ ಹುಟ್ಟಿದ ಅವರು ಚಿತ್ರದುರ್ಗದಲ್ಲಿ ವಕೀಲರಾಗಿದ್ದರು. 1939ರಲ್ಲಿ ತುರುವನೂರಿನ ಈಚಲು ಮರ ಕಡಿಯುವ ಸತ್ಯಾಗ್ರಹಕ್ಕೆ ಧುಮುಕಿ ಜೈಲು ಸೇರಿದರು. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು. ಆಗ ಕನ್ನಡಿಗರು ಮೈಸೂರು, ಮುಂಬೈ, ಮದ್ರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದರು. ಅವರನ್ನು ಒಂದೇ ಆಡಳಿತದಡಿ ತರಲು ದುಡಿದವರಲ್ಲಿ ಇವರು ಮುಂಚೂಣಿಯವರು. 1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯದ ಚುಕ್ಕಾಣಿ ಹಿಡಿದರು.

ಆದರೆ 1962ರಲ್ಲಿ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದ ಮತದಾರರು ಅವರನ್ನು ಸೋಲಿಸಿ, ಪ್ರಜಾ ಸಮಾಜವಾದಿ ಪಕ್ಷದ ಜಿ.ಟಿ. ರಂಗಪ್ಪನವರನ್ನು ಗೆಲ್ಲಿಸಿದರು. ಅವರ ಪಕ್ಷವಾದ ಕಾಂಗ್ರೆಸ್ಸಿಗೆ ಬಹುಮತವಿತ್ತು, ನಾಯಕನಿಗೆ ಕ್ಷೇತ್ರವಿರಲಿಲ್ಲ. ಹಾಗಾಗಿ ಅದೇ ಪಕ್ಷದ ಎಸ್.ಆರ್. ಕಂಠಿ ಮೂರು ತಿಂಗಳು ಮುಖ್ಯಮಂತ್ರಿಯಾಗಿದ್ದರು; ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಗೆದ್ದು ಬರುತ್ತಲೇ ಕುರ್ಚಿ ಬಿಟ್ಟುಕೊಟ್ಟರು. ಅಧಿಕಾರವನ್ನು ಹೀಗೆ ಒಪ್ಪಿಸಿದ ಕಂಠಿಯವರದು ನಿಜಕ್ಕೂ ದೊಡ್ಡ ಮನಸ್ಸು. ಸ್ವಂತ ಜಿಲ್ಲೆ ಕೈಬಿಟ್ಟ ನಾಯಕನನ್ನು ಹಳೆಯ ಮುಂಬೈ ಪ್ರಾಂತದ ಊರೊಂದು ಎತ್ತಿ ಹಿಡಿದದ್ದೂ ಏಕೀಕರಣದ ಫಲವೇ.

1968ರಲ್ಲಿ ಅವರು ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 2000ದ ಆಗಸ್ಟ್ 8ರಂದು ಚಿತ್ರದುರ್ಗದಲ್ಲೇ ನಿಧನರಾದರು. ಅವರ ಸ್ಮಾರಕ ನಗರದ ಹತ್ತಿರದ ಸೀಬಾರದಲ್ಲಿದೆ.