‘ಕೃಪೆ: ಗೂಗಲ್’ ಎಂದರೆ ಸಾಕೆ?

ಆನ್‌ಲೈನ್ ಉಪನ್ಯಾಸದ ಸ್ಲೈಡುಗಳಲ್ಲಿ ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ ‘ಕೃಪೆ: ಗೂಗಲ್’ ಎಂದಿರುವುದನ್ನು ನೀವೂ ನೋಡಿರುತ್ತೀರಿ. ಗೂಗಲ್ ಹುಡುಕಿಕೊಟ್ಟದ್ದು ನಿಜ, ಚಿತ್ರ ಮಾತ್ರ ಅದರದ್ದಲ್ಲ. ಇನ್ನು ಅನುಮತಿ ಎಲ್ಲಿಂದ ಬರಬೇಕು?

ಹಂಪಿಯ ಕಲ್ಲಿನ ರಥವನ್ನೇ ತೆಗೆದುಕೊಳ್ಳಿ. ರಥದ ಮೇಲೆ ಇಂದು ಯಾರ ಕೃತಿಸ್ವಾಮ್ಯವೂ ಇಲ್ಲ. ಬೆಳಗಿನ ಬಿಸಿಲಿಗಾಗಿ ಕಾದು ಕೂತು ಅದರ ಫೋಟೊ ತೆಗೆದವರಿಗೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಫೋಟೊ ತೆಗೆದವರ ಜೀವಮಾನವಿಡೀ, ಆಮೇಲೆ ಅವರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ ಆ ಹಕ್ಕು ಉಳಿಯುತ್ತದೆ. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅವರ ಲಕ್ಷ್ಮಿ, ಸರಸ್ವತಿಯರನ್ನು ಬಳಸಲು ಯಾರನ್ನೂ ಕೇಳಬೇಕಿಲ್ಲ.

ಮೇಷ್ಟ್ರುಗಳಿಗೆ ಕಾನೂನು ಕೊಂಚ ಸಲುಗೆ ಕೊಟ್ಟಿದೆ. ಪಾಠದ ಭಾಗವಾಗಿ ಶಿಕ್ಷಕರೋ ವಿದ್ಯಾರ್ಥಿಗಳೋ ನಕಲು ಮಾಡಿಕೊಂಡರೆ 52ನೇ ಸೆಕ್ಷನ್ ತಕರಾರು ತೆಗೆಯುವುದಿಲ್ಲ. ದಿಲ್ಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟು 2016ರಲ್ಲಿ ಈ ಸಲುಗೆಯನ್ನು ಉದಾರವಾಗಿಯೇ ಅರ್ಥೈಸಿತು. ಆದರೆ ಅಲ್ಲಿದ್ದದ್ದು ಪುಸ್ತಕದ ಪುಟಗಳು, ಅವನ್ನು ಓದುವ ವಿದ್ಯಾರ್ಥಿಗಳು. ಕ್ಲಾಸಿಗೆಂದು ಮಾಡಿದ ಸ್ಲೈಡುಗಳು ರೆಕಾರ್ಡ್ ಆಗಿ ಯೂಟ್ಯೂಬಿಗೆ ಏರಿ, ಮೇಲೆ ಜಾಹೀರಾತೂ ಸೇರಿಕೊಂಡರೆ ‘ಪಾಠಕ್ಕೆ ತಾನೆ?’ ಎನ್ನುವ ವಾದ ತೆಳ್ಳಗಾಗುತ್ತದೆ. ನನ್ನ ಲೆಕ್ಕದಲ್ಲಿ ತೊಡಕು ಶುರುವಾಗುವುದೇ ಇಲ್ಲಿ.

ಹಾಗಾದರೆ ಕೇಳಿಬಿಡೋಣ. ಯಾರನ್ನು? ಸಾಮಾನ್ಯವಾಗಿ ಫೋಟೊ ತೆಗೆದವರನ್ನೇ. ದುಡ್ಡು ಕೊಟ್ಟು ತೆಗೆಸಿದ ಮದುವೆ ಫೋಟೊದ ಹಕ್ಕು ಮಾತ್ರ, ಬೇರೆ ಕರಾರಿಲ್ಲದಿದ್ದರೆ, ಸ್ಟುಡಿಯೊದವರದ್ದಲ್ಲ, ತೆಗೆಸಿದವರದ್ದು. (ಹೇಳಿದರೆ ಹಲವರು ನಂಬುವುದಿಲ್ಲ.)

ಅನುಮತಿ ಬರವಣಿಗೆಯಲ್ಲಿರಲಿ. ಯಾವ ಚಿತ್ರ, ಎಲ್ಲಿ ತೋರಿಸುತ್ತೀರಿ, ರೆಕಾರ್ಡಿಂಗ್ ಉಳಿಯುತ್ತದೆಯೇ, ಅದರಿಂದ ದುಡ್ಡು ಬರುತ್ತದೆಯೇ ಎಂದು ನಾಲ್ಕು ಸಾಲು ಬರೆದರಾಯಿತು. ಅವಧಿ, ಪ್ರದೇಶಗಳನ್ನು ಮರೆಯಬೇಡಿ. ಅವಧಿ ಹೇಳದಿದ್ದರೆ ಕಾನೂನು ಐದು ವರ್ಷವೆಂದೂ ಪ್ರದೇಶ ಹೇಳದಿದ್ದರೆ ಭಾರತವೆಂದೂ ತಿಳಿಯುತ್ತದೆ. ನಿಮ್ಮ ವಿಡಿಯೊವನ್ನು ದುಬೈ ಕನ್ನಡಿಗರೂ ನೋಡುವವರೇ!

ಇಷ್ಟು ಓಡಾಟ ಬೇಡವೆನ್ನುವವರಿಗೆ ವಿಕಿಮೀಡಿಯ ಕಾಮನ್ಸ್ ಇದೆ. ಅಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ‘ಬಿವೈ’ ಎಂದಿದ್ದರೆ ಕೇಳದೆ ಬಳಸಬಹುದು. ಆದರೆ ತೆಗೆದವರ ಹೆಸರು, ಪರವಾನಗಿ, ಮೂಲದ ಕೊಂಡಿ ಹಾಕಲೇಬೇಕು. ಚಿತ್ರವನ್ನು ಕತ್ತರಿಸಿದ್ದರೆ ಅದನ್ನೂ ಹೇಳಬೇಕು. ಬೇರೆ ತಾಣಗಳ ಚಿತ್ರಕ್ಕೆ ‘ಎನ್‌ಸಿ’ ಎಂಬ ಗುರುತಿದ್ದರೆ ವಾಣಿಜ್ಯ ಬಳಕೆ ನಿಷಿದ್ಧ. ಫೀಸು ಕಟ್ಟಿಸಿಕೊಳ್ಳುವ ಕೋಚಿಂಗ್ ಕ್ಲಾಸಿನವರು ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು.