ಊರಿನ ತೆಂಗಿಗೆ ಎರಡು ಶತ್ರು: ಕುರುವಾಯಿ ಮತ್ತು ಕೆಂಪು ಮೂತಿಹುಳು

ಮೇ ರಜೆಗೋ ಚೌತಿಗೋ ಊರಿಗೆ ಹೋಗುವ ಕರಾವಳಿಯ ಮುಂಬಯಿ ಕನ್ನಡಿಗರು ಅಂಗಳಕ್ಕೆ ಕಾಲಿಟ್ಟೊಡನೆ ಕತ್ತೆತ್ತಿ ನೋಡುವುದು ಹಿರಿಯರು ನೆಟ್ಟ ತೆಂಗಿನ ಮರವನ್ನು. ಕೆಲವೊಮ್ಮೆ ಕಾಣುವುದು ಕತ್ತರಿಯಾಡಿಸಿದಂತಹ ಮಡಲು. ಇನ್ನು ಕೆಲವೊಮ್ಮೆ ತಲೆಯೇ ಕಳಚಿದ ಬೋಳು ಮರ. ಎರಡಕ್ಕೂ "ಹುಳ ಬಿದ್ದಿದೆ" ಎಂಬ ಒಂದೇ ಮಾತು. ಆದರೆ ಆ ಹುಳಗಳು ಬೇರೆ ಬೇರೆ.

ಕುರುವಾಯಿ ತಲೆಯ ಮೇಲೆ ಕೊಂಬಿರುವ ದೊಡ್ಡ ಕಪ್ಪು ದುಂಬಿ. ರಾತ್ರಿ ಹಾರಿ ಬಂದು, ಇನ್ನೂ ಬಿಚ್ಚದ ಸುಳಿಯನ್ನು ಕೊರೆಯುತ್ತದೆ. ಸುಳಿ ಅರಳಿದಾಗ ಗರಿಗಳು ತ್ರಿಕೋನಾಕಾರದಲ್ಲಿ ತುಂಡಾಗಿರುತ್ತವೆ. ಇದರ ಮರಿಹುಳಗಳು ಮರದಲ್ಲಿರದೆ ಹಟ್ಟಿಗೊಬ್ಬರದ ಗುಂಡಿಯಲ್ಲಿ, ಕೊಳೆತ ಕಾಂಡದಲ್ಲಿ ಬೆಳೆಯುತ್ತವೆ.

ಕೆಂಪು ಮೂತಿಹುಳುವಿನದು ತದ್ವಿರುದ್ಧ ಕತೆ. ಉದ್ದ ಮೂತಿಯ ಈ ಕಂದುಗೆಂಪು ಕೀಟ ಮರದ ಗಾಯದಲ್ಲಿ ಮೊಟ್ಟೆಯಿಡುತ್ತದೆ. ಕಾಲಿಲ್ಲದ ಮರಿಹುಳಗಳು ಒಳಗಿನ ಮೆದು ಭಾಗವನ್ನು ತಿನ್ನುತ್ತವೆ. ಹೊರಗೆ ಕಾಣುವುದು ಸಣ್ಣ ತೂತು, ಜಗಿದ ನಾರು, ಸೋರುವ ಕಂದು ರಸ ಮಾತ್ರ. ಕಾಂಡಕ್ಕೆ ಕಿವಿಯಿಟ್ಟರೆ ಕೊರೆಯುವ ಸದ್ದೂ ಕೇಳಬಹುದು. ಒಳಸುಳಿ ಬಾಡುವಷ್ಟರಲ್ಲಿ ಹೆಚ್ಚಾಗಿ ಕಾಲ ಮೀರಿರುತ್ತದೆ. 1980ರ ದಶಕದಲ್ಲಿ ಗಲ್ಫ್ ದೇಶಗಳನ್ನು ಹೊಕ್ಕು ಖರ್ಜೂರದ ತೋಟಗಳನ್ನು ಕಾಡಿದ್ದೂ ಇದೇ ಹುಳ.

ಗಮನಿಸಬೇಕಾದ ಸಂಗತಿಯೆಂದರೆ, ಕುರುವಾಯಿ ಕೊರೆದ ಗಾಯವೇ ಮೂತಿಹುಳುವಿಗೆ ತೆರೆದ ಬಾಗಿಲು. ಮೊದಲನೆಯದನ್ನು ತಡೆದರೆ ಎರಡನೆಯದರ ದಾರಿಯೂ ಅರ್ಧ ಮುಚ್ಚಿದಂತೆ.

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಸಲಹೆಗಳು ಸರಳವಾಗಿವೆ. ಕಾಲು ಕಿಲೋ ಬೇವಿನ ಹಿಂಡಿಗೆ ಅಷ್ಟೇ ಮರಳು ಬೆರೆಸಿ ಸುಳಿಯ ಸುತ್ತಲಿನ ಮಡಲುಗಳ ಬುಡಕ್ಕೆ ತುಂಬಬೇಕು. ಗೊಬ್ಬರದ ಗುಂಡಿಯನ್ನು ಆಗಾಗ ಮಗುಚಿ ಮರಿಹುಳಗಳನ್ನು ಹೆಕ್ಕಬೇಕು. ಅವಕ್ಕೆ ರೋಗ ತರುವ ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನೂ ಗುಂಡಿಗೆ ಬೆರೆಸಬಹುದು. ಕಾಂಡಕ್ಕೆ ಕತ್ತಿಯೇಟು ಬೀಳಬಾರದು. ಹಸಿ ಮಡಲು ಕಡಿಯಲೇಬೇಕಾದರೆ ಬುಡದಲ್ಲಿ ಮೂರ್ನಾಲ್ಕು ಅಡಿ ಉಳಿಸಬೇಕು. ಮೂತಿಹುಳುವಿನಿಂದ ಸತ್ತ ಮರವನ್ನು ಸೀಳಿ ಸುಡಬೇಕು. ಇಲ್ಲವಾದರೆ ಪಕ್ಕದ ಮರಕ್ಕೂ ಅದೇ ಗತಿ.

ವರ್ಷಕ್ಕೊಮ್ಮೆ ಊರು ಕಾಣುವ ನಮಗೆ ಇದೆಲ್ಲ ದೂರದ ಕೆಲಸ, ನಿಜ. ಆದರೆ ಊರಿಗೆ ಫೋನ್ ಮಾಡಿದಾಗ "ಕಾಯಿ ಎಷ್ಟಾಯಿತು?" ಎಂದು ಕೇಳುವ ನಾವು, "ಸುಳಿ ಹೇಗಿದೆ, ಗೊಬ್ಬರದ ಗುಂಡಿ ಮಗುಚಿದಿರಾ?" ಎಂದೂ ಕೇಳಬಹುದಲ್ಲವೇ? ಆ ಒಂದು ಮಾತಿನಿಂದ ಅಜ್ಜ ನೆಟ್ಟ ಮರ ಮೊಮ್ಮಕ್ಕಳ ಕಾಲಕ್ಕೂ ಉಳಿದೀತು.